ಸ್ವಂತ ದುಡಿಮೆಯವರ ತೆರಿಗೆ, ಸ್ವಂತ ದುಡಿಮೆಯವರ ನಿವೃತ್ತಿ

ಮಾರ್ಚ್ ಹತ್ತಿರವಾದಂತೆ ಬಳ್ಳಾರಿಯ ಯಾವ ಆಡಿಟರ್ ಕಚೇರಿಗೆ ಹೋದರೂ ಕೇಳಿಬರುವ ಪ್ರಶ್ನೆ ಒಂದೇ: “ಈ ಸಲ ಟ್ಯಾಕ್ಸ್ ಉಳಿಸಬೇಕು, ಎಲ್ಲಿ ದುಡ್ಡು ಹಾಕಲಿ?” ಈ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಲೆಕ್ಕಗಳು ಸೇರಿಕೊಂಡಿವೆ. ಸರ್ಕಾರಕ್ಕೆ ನ್ಯಾಯವಾಗಿ ಎಷ್ಟು ಕೊಡಬೇಕು ಎಂಬುದು ಒಂದು. ಕೈಕಾಲು ಗಟ್ಟಿಯಿರುವಾಗ ದುಡಿದದ್ದರಲ್ಲಿ ಮುಪ್ಪಿನ ಕಾಲಕ್ಕೆ ಎಷ್ಟು ತೆಗೆದಿಡಬೇಕು ಎಂಬುದು ಇನ್ನೊಂದು. ಬಹಳ ವರ್ಷ ಕಾನೂನೇ ಈ ಎರಡನ್ನೂ ಒಂದೇ ದಾರದಲ್ಲಿ ಕಟ್ಟಿತ್ತು. ವಿಮಾ ಕಂತು ಕಟ್ಟಿದರೆ, ಸಾರ್ವಜನಿಕ ಭವಿಷ್ಯ ನಿಧಿಗೆ, ಅಂದರೆ ಪಿಪಿಎಫ್‌ಗೆ ಹಣ ಹಾಕಿದರೆ ತೆರಿಗೆ ಇಳಿಯುತ್ತಿತ್ತು. ತೆರಿಗೆ ಇಳಿಸುವ ಆತುರದಲ್ಲಿಯಾದರೂ ಒಂದಿಷ್ಟು ಉಳಿತಾಯವಾಗುತ್ತಿತ್ತು. ಈಗ ಆ ದಾರ ಕಳಚಿದೆ. ಈ ಸಭೆಯಲ್ಲಿರುವ ವೈದ್ಯರು, ವಕೀಲರು, ಜೀನ್ಸ್ ಘಟಕದವರು, ಲಾರಿ ಮಾಲೀಕರು, ಗಂಗಾವತಿ ಮತ್ತು ಸಿಂಧನೂರಿನಿಂದ ಬಂದ ಅಕ್ಕಿ ಗಿರಣಿಯವರು, ಎಪಿಎಂಸಿಯ ದಲ್ಲಾಳಿ ಅಂಗಡಿಯವರು, ಎಲ್ಲರಿಗೂ ಇದು ಅನ್ವಯಿಸುತ್ತದೆ. ಇನ್ನು ಮುಂದೆ ತೆರಿಗೆಯನ್ನು ವ್ಯಾಪಾರದ ಲೆಕ್ಕದಲ್ಲಿ ಉಳಿಸಬೇಕು. ನಿವೃತ್ತಿಯ ಹಣವನ್ನು ವ್ಯಾಪಾರದಿಂದ ಹೊರಗೆ, ತೆರಿಗೆಯ ಹಂಗಿಲ್ಲದೆ ಕಟ್ಟಬೇಕು. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇದನ್ನೇ.

ಮೊದಲು ಅಂಕಿಗಳನ್ನು ನೋಡೋಣ. 2023-24ರಿಂದ ಹೊಸ ತೆರಿಗೆ ಪದ್ಧತಿಯೇ ಮೂಲ ಪದ್ಧತಿಯಾಗಿದೆ; ಹಳೆಯದು ಬೇಕೆಂದರೆ ಕೇಳಿ ಪಡೆಯಬೇಕು. 2025-26ರ ದರಗಳ ಪ್ರಕಾರ ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯಿಲ್ಲ. ಅಲ್ಲಿಂದ ಪ್ರತಿ 4 ಲಕ್ಷಕ್ಕೆ ಶೇ 5ರಂತೆ ದರ ಏರುತ್ತಾ ಹೋಗಿ, 24 ಲಕ್ಷ ದಾಟಿದ ಆದಾಯಕ್ಕೆ ಶೇ 30 ಆಗುತ್ತದೆ. ಹಳೆಯ ಪದ್ಧತಿಯಲ್ಲಿ 10 ಲಕ್ಷ ದಾಟಿದ ಕೂಡಲೇ ಶೇ 30. ಹಾಗಾದರೆ 24 ಲಕ್ಷಕ್ಕಿಂತ ಹೆಚ್ಚು ಆದಾಯವಿರುವವರಿಗೆ ಹಳೆಯ ಪದ್ಧತಿ ಲಾಭವಾಗಬೇಕಾದರೆ ಅದರಲ್ಲಿ ಮಾತ್ರ ಸಿಗುವ ಕಡಿತಗಳು, ಅಂದರೆ ಆದಾಯದಿಂದ ಕಳೆಯಬಹುದಾದ ಮೊತ್ತಗಳು, ಎಷ್ಟಿರಬೇಕು? ಕಾಗದ ಹಿಡಿದು ಲೆಕ್ಕ ಹಾಕಿದರೆ ಉತ್ತರ 7 ಲಕ್ಷದ 75 ಸಾವಿರ ಎಂದು ಬರುತ್ತದೆ. ಅದಕ್ಕಿಂತ ಕಡಿಮೆ ಕಡಿತ ಇರುವವರಿಗೆ ಹೊಸ ಪದ್ಧತಿಯೇ ಅಗ್ಗ.

ಈಗ ನಿಮ್ಮ ಕಡಿತಗಳನ್ನು ಕೂಡಿಸಿ ನೋಡಿ. ವಿಮಾ ಕಂತು, ಪಿಪಿಎಫ್‌ನಂಥ ಉಳಿತಾಯಕ್ಕೆ ಆದಾಯ ತೆರಿಗೆ ಕಾಯ್ದೆಯ 80ಸಿ ವಿಧಿಯಡಿ ಒಂದೂವರೆ ಲಕ್ಷ, ರಾಷ್ಟ್ರೀಯ ಪಿಂಚಣಿ ಯೋಜನೆಯಾದ ಎನ್‌ಪಿಎಸ್‌ಗೆ ಹೆಚ್ಚುವರಿ 50 ಸಾವಿರ, ವಾಸದ ಮನೆಯ ಸಾಲದ ಬಡ್ಡಿ 2 ಲಕ್ಷ, ಸ್ವಂತ ಕುಟುಂಬದ ಆರೋಗ್ಯ ವಿಮೆಗೆ 25 ಸಾವಿರ, ಹಿರಿಯ ತಂದೆತಾಯಿಯ ವಿಮೆಗೆ 50 ಸಾವಿರ. ಒಟ್ಟು 4 ಲಕ್ಷದ 75 ಸಾವಿರ. ಎಲ್ಲವನ್ನೂ ಪೂರ್ತಿಯಾಗಿ ಬಳಸಿಕೊಂಡರೂ 3 ಲಕ್ಷ ಕಡಿಮೆ ಬೀಳುತ್ತದೆ.

ಒಬ್ಬ ಶಸ್ತ್ರಚಿಕಿತ್ಸಕರನ್ನು ಊಹಿಸಿಕೊಳ್ಳಿ. ವರ್ಷಕ್ಕೆ 70 ಲಕ್ಷ ಶುಲ್ಕ ಬರುತ್ತದೆ. ಅದರಲ್ಲಿ ನಗದು ಶೇ 5ನ್ನು ಮೀರುವುದಿಲ್ಲ, ಉಳಿದದ್ದೆಲ್ಲ ಯುಪಿಐ, ಚೆಕ್ ಮತ್ತು ವಿಮಾ ಕಂಪನಿಗಳ ಮೂಲಕ ಬ್ಯಾಂಕಿಗೆ ಬರುತ್ತದೆ. ಹಾಗಿದ್ದರೆ ಅವರು 44ಎಡಿಎ ವಿಧಿಯಡಿ ಅರ್ಧ ಭಾಗವನ್ನು, ಅಂದರೆ 35 ಲಕ್ಷವನ್ನು, ಆದಾಯವೆಂದು ತೋರಿಸಬಹುದು. ಹೊಸ ಪದ್ಧತಿಯಲ್ಲಿ ಅವರ ತೆರಿಗೆ ಸೆಸ್ ಸೇರಿ 6,55,200 ರೂಪಾಯಿ. ಮೇಲೆ ಹೇಳಿದ ಎಲ್ಲ ಕಡಿತಗಳನ್ನೂ ಪಡೆದು ಹಳೆಯ ಪದ್ಧತಿಯಲ್ಲಿ ಲೆಕ್ಕ ಹಾಕಿದರೆ 7,48,800. ಹಳೆಯ ಅಭ್ಯಾಸ ಬಿಡಲಾಗದೆ ಅವರು ವರ್ಷಕ್ಕೆ 93,600 ರೂಪಾಯಿ ಹೆಚ್ಚು ಕಟ್ಟುತ್ತಾರೆ.

ಇಲ್ಲಿ ಸಂಬಳದಾರರಿಗೂ ನಮಗೂ ಒಂದು ದೊಡ್ಡ ವ್ಯತ್ಯಾಸವಿದೆ. ಸಂಬಳ ಪಡೆಯುವವರು ಪ್ರತಿ ವರ್ಷವೂ ತಮಗೆ ಬೇಕಾದ ಪದ್ಧತಿಯನ್ನು ಆರಿಸಬಹುದು. ವ್ಯಾಪಾರ ಅಥವಾ ವೃತ್ತಿಯ ಆದಾಯವಿರುವವರು 10-ಐಇಎ ನಮೂನೆ ಸಲ್ಲಿಸಿ ಹಳೆಯದಕ್ಕೆ ಹೋಗಬೇಕು, ಅದೂ ರಿಟರ್ನ್‌ನ ಗಡುವಿನೊಳಗೆ. ಒಮ್ಮೆ ಹೋಗಿ ಮತ್ತೆ ಹೊಸದಕ್ಕೆ ಬಂದರೆ, ವ್ಯಾಪಾರದ ಆದಾಯ ಇರುವವರೆಗೂ ಹಳೆಯದರ ಬಾಗಿಲು ಮುಚ್ಚಿದಂತೆಯೇ. ಆದ್ದರಿಂದ ಮನೆ ಸಾಲ ಮುಗಿಯುವುದು ಯಾವಾಗ, ಬಾಡಿಗೆಗೆ ಕೊಟ್ಟ ಕಟ್ಟಡದ ಸಾಲದ ಬಡ್ಡಿ ಎಷ್ಟು ಎಂಬುದನ್ನೆಲ್ಲ ನಾಲ್ಕೈದು ವರ್ಷ ಮುಂದಕ್ಕೆ ನೋಡಿ ನಿರ್ಧರಿಸಬೇಕು. ನಾನು ಹೇಳುತ್ತಿರುವ ವಿಧಿಗಳ ಸಂಖ್ಯೆಗಳು 1961ರ ಕಾಯ್ದೆಯವು. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವುದರಿಂದ ಸಂಖ್ಯೆಗಳು ಬದಲಾಗುತ್ತವೆ. ಎಲ್ಲರ ಬಾಯಲ್ಲೂ ಇರುವುದು ಹಳೆಯ ಸಂಖ್ಯೆಗಳೇ ಆದ್ದರಿಂದ ಅವನ್ನೇ ಬಳಸುತ್ತೇನೆ.

ಹಾಗಾದರೆ ತೆರಿಗೆ ನಿಜವಾಗಿ ಉಳಿಯುವುದೆಲ್ಲಿ? ಆದಾಯವನ್ನು ಲೆಕ್ಕ ಹಾಕುವ ಹಂತದಲ್ಲಿ. ನಮ್ಮ ಭಾಗದ ಬಹುತೇಕ ಜನರಿಗೆ ಮೂರು ಅಂದಾಜು ಪದ್ಧತಿಗಳು ಲಭ್ಯವಿವೆ; ಇವುಗಳಲ್ಲಿ ಖರ್ಚಿನ ವಿವರ ಕೊಡದೆ, ಕಾನೂನು ಹೇಳಿದ ಅಂದಾಜಿನಂತೆ ಆದಾಯ ತೋರಿಸಬಹುದು. ಮೂರೂ ಹೊಸ ತೆರಿಗೆ ಪದ್ಧತಿಯಲ್ಲಿಯೂ ನಡೆಯುತ್ತವೆ. ವೈದ್ಯರು, ವಕೀಲರು, ಎಂಜಿನಿಯರುಗಳಂಥ ವೃತ್ತಿಪರರಿಗೆ ಆಗಲೇ ಹೇಳಿದ 44ಎಡಿಎ. ಅದರ ಮಿತಿ 50 ಲಕ್ಷ, ನಗದು ಶೇ 5ರೊಳಗಿದ್ದರೆ 75 ಲಕ್ಷ. ಆದರೆ ಇದು ಎಲ್ಲ ವೈದ್ಯರಿಗೂ ಒಪ್ಪುವುದಿಲ್ಲ. ಹತ್ತು ಹಾಸಿಗೆಯ ನರ್ಸಿಂಗ್ ಹೋಂ ನಡೆಸುವವರಿಗೆ ದಾದಿಯರ ಸಂಬಳ, ಬಾಡಿಗೆ, ಉಪಕರಣಗಳ ಸವಕಳಿ ಎಲ್ಲ ಸೇರಿ ಖರ್ಚು ಶೇ 60 ದಾಟಬಹುದು. ಅಂಥವರು ಪುಸ್ತಕ ಬರೆಸಿ ಆಡಿಟ್ ಮಾಡಿಸುವುದೇ ಲೇಸು. ಖರ್ಚು ಕಡಿಮೆಯಿರುವ ಸಲಹಾ ವೈದ್ಯರಿಗೆ ಅಂದಾಜು ಪದ್ಧತಿ ವರದಾನ.

ಜೀನ್ಸ್ ಘಟಕದವರಿಗೆ, ಸಣ್ಣ ವ್ಯಾಪಾರಿಗಳಿಗೆ 44ಎಡಿ ಇದೆ. ವಹಿವಾಟು 2 ಕೋಟಿಯವರೆಗೆ, ನಗದು ಶೇ 5ರೊಳಗಿದ್ದರೆ 3 ಕೋಟಿಯವರೆಗೆ. ಬ್ಯಾಂಕ್ ಮೂಲಕ ಬಂದದ್ದರ ಮೇಲೆ ಶೇ 6, ನಗದಿನ ಮೇಲೆ ಶೇ 8 ಲಾಭವೆಂದು ಗಣನೆ. ಬಳ್ಳಾರಿಯ ಕೌಲ್‌ಬಜಾರಿನ ಒಂದು ಘಟಕ ಎರಡೂವರೆ ಕೋಟಿ ವಹಿವಾಟನ್ನು ಪೂರ್ತಿಯಾಗಿ ಬ್ಯಾಂಕಿನ ಮೂಲಕವೇ ಮಾಡಿದರೆ ಕನಿಷ್ಠ ಲಾಭ 15 ಲಕ್ಷ, ತೆರಿಗೆ ಸೆಸ್ ಸೇರಿ 1,09,200. ಗಮನಿಸಬೇಕಾದ ಸಂಗತಿಗಳಿವೆ. ಈ ಪದ್ಧತಿಯನ್ನು ಹಿಡಿದು ಐದು ವರ್ಷದೊಳಗೆ ಬಿಟ್ಟರೆ ಮುಂದಿನ ಐದು ವರ್ಷ ಮತ್ತೆ ಸಿಗುವುದಿಲ್ಲ. ಕಮಿಷನ್ ಆದಾಯಕ್ಕೆ ಇದು ಅನ್ವಯಿಸುವುದೇ ಇಲ್ಲ. ದಲ್ಲಾಳಿ ಅಂಗಡಿಯವರು ಹತ್ತಿ, ಮೆಣಸಿನಕಾಯಿ, ಭತ್ತದ ಕಮಿಷನ್ನನ್ನು ಈ ವಿಧಿಯಡಿ ತೋರಿಸುವಂತಿಲ್ಲ. ಶೇ 6 ಎಂಬುದು ಕನಿಷ್ಠ. ನಿಜವಾದ ಲಾಭ ಹೆಚ್ಚಿದ್ದರೆ ಹೆಚ್ಚೇ ತೋರಿಸುವುದು ನಿಮಗೇ ಒಳ್ಳೆಯದು. ನಾಳೆ ಬ್ಯಾಂಕು ಸಾಲ ಕೊಡುವಾಗ, ವಿಮಾ ಕಂಪನಿ ಟರ್ಮ್ ಪಾಲಿಸಿಯ (ಅವಧಿಯೊಳಗೆ ಸತ್ತರೆ ಮಾತ್ರ ಹಣ ಕೊಡುವ ವಿಮೆಯ) ಮೊತ್ತ ನಿಗದಿ ಮಾಡುವಾಗ ನೋಡುವುದು ರಿಟರ್ನ್‌ನಲ್ಲಿರುವ ಅಂಕಿಯನ್ನೇ.

ಲಾರಿ ಮಾಲೀಕರಿಗೆ 44ಎಇ. ವರ್ಷದ ಯಾವ ದಿನವೂ ಹತ್ತಕ್ಕಿಂತ ಹೆಚ್ಚು ವಾಹನ ಇರಬಾರದು. 2018ರ ಮಾರ್ಚ್‌ವರೆಗೆ ಗಾಡಿ ಚಿಕ್ಕದಿರಲಿ ದೊಡ್ಡದಿರಲಿ ಗಾಡಿಯೊಂದಕ್ಕೆ ತಿಂಗಳಿಗೆ 7,500 ರೂಪಾಯಿ ಆದಾಯವೆಂದು ಗಣನೆಯಿತ್ತು. ಈಗ 12 ಟನ್ ಮೀರಿದ ಭಾರಿ ವಾಹನಗಳಿಗೆ ಒಟ್ಟು ತೂಕದ ಪ್ರತಿ ಟನ್ನಿಗೆ ತಿಂಗಳಿಗೆ 1,000 ರೂಪಾಯಿ. ಅದಿರು ಸಾಗಿಸುವ 28 ಟನ್ನಿನ ಟಿಪ್ಪರಿಗೆ ವರ್ಷಕ್ಕೆ 3.36 ಲಕ್ಷ, ಅಂಥ ಎಂಟು ಟಿಪ್ಪರುಗಳಿದ್ದರೆ 26.88 ಲಕ್ಷ. ಗಾಡಿ ಓಡಿತೋ ನಿಂತಿತೋ ಕಾನೂನು ಕೇಳುವುದಿಲ್ಲ, ನಿಮ್ಮ ಹೆಸರಿನಲ್ಲಿ ಎಷ್ಟು ತಿಂಗಳು ಇತ್ತು ಎಂಬುದಷ್ಟೇ ಲೆಕ್ಕ. ಕೆಲಸ ಕಡಿಮೆಯಾದ ವರ್ಷ ಪುಸ್ತಕ ಬರೆಸಿ, ಆಡಿಟ್ ಮಾಡಿಸಿ ನಿಜವಾದ ಆದಾಯ ತೋರಿಸುವ ದಾರಿ ನಿಮಗೆ ತೆರೆದಿದೆ. 44ಎಡಿಯ ಐದು ವರ್ಷದ ಷರತ್ತು ಇದಕ್ಕಿಲ್ಲ. ಮುಂಗಡ ತೆರಿಗೆಯಲ್ಲಿ ಒಂದು ಭೇದವಿದೆ: 44ಎಡಿ ಮತ್ತು 44ಎಡಿಎಯವರು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಬಹುದು, ಲಾರಿಯವರಿಗೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ಎಂದು ನಾಲ್ಕು ಕಂತುಗಳಿವೆ.

ಮಾರ್ಚ್ ಕೊನೆಯಲ್ಲಿ ಕಾರು ಕೊಳ್ಳುವವರ ಬಗ್ಗೆ ಒಂದು ಮಾತು ಹೇಳಲೇಬೇಕು. ತೆರಿಗೆ ಉಳಿಯುತ್ತದೆಂದು 40 ಲಕ್ಷದ ಕಾರು ತರುತ್ತಾರೆ. ಕಾರಿನ ಸವಕಳಿ ದರ ಶೇ 15. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಹಾಗಾಗಿ ಆ ವರ್ಷ ಸಿಗುವ ಖರ್ಚು 3 ಲಕ್ಷ, ಶೇ 30ರ ಹಂತದಲ್ಲಿರುವವರಿಗೆ ಉಳಿಯುವ ತೆರಿಗೆ 93,600. ಮನೆಯ ಬಳಕೆಯೂ ಇದ್ದರೆ ಅಷ್ಟೂ ಸಿಗುವುದಿಲ್ಲ. ಅಂದಾಜು ಪದ್ಧತಿಯಲ್ಲಿರುವವರಿಗಂತೂ ಸವಕಳಿ ಆಗಲೇ ಕೊಟ್ಟಂತೆ ಎಣಿಕೆ, ಒಂದು ರೂಪಾಯಿಯೂ ಹೆಚ್ಚು ಉಳಿಯದು. ಕಾರು ಬೇಕಿದ್ದರೆ ಕೊಳ್ಳಿ, ಅದರಲ್ಲಿ ತಪ್ಪಿಲ್ಲ, ತೆರಿಗೆಗಾಗಿ ಕೊಳ್ಳಬೇಡಿ. ಪತ್ನಿಗೆ ಸಂಬಳ ಕೊಟ್ಟಂತೆ ಬರೆಯುವ ರೂಢಿಯೂ ಇದೆ. ಆಕೆಗೆ ಆ ಕೆಲಸಕ್ಕೆ ಬೇಕಾದ ತಾಂತ್ರಿಕ ಅಥವಾ ವೃತ್ತಿ ಅರ್ಹತೆ ಇದ್ದು ನಿಜವಾಗಿ ದುಡಿಯುತ್ತಿದ್ದರೆ ಅದು ಪೂರ್ಣ ನ್ಯಾಯಸಮ್ಮತ. ಇಲ್ಲದಿದ್ದರೆ 64ನೇ ವಿಧಿಯಡಿ ಆ ಸಂಬಳ ಮರಳಿ ನಿಮ್ಮ ಆದಾಯಕ್ಕೇ ಸೇರುತ್ತದೆ.

ಇನ್ನು ನಿವೃತ್ತಿಯ ಮಾತಿಗೆ ಬರೋಣ. ನನಗೆ ಹೆಚ್ಚು ಕಳವಳವಿರುವುದು ಇಲ್ಲಿ. “ನನ್ನ ಗಿರಣಿಯೇ ನನ್ನ ಪಿಂಚಣಿ”, “ಲಾರಿಗಳೇ ನನ್ನ ಪಿಂಚಣಿ” ಎಂದು ಅನೇಕರು ನಂಬಿದ್ದಾರೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿತು. ಪರಿಸರದ, ನ್ಯಾಯದ ದೃಷ್ಟಿಯಿಂದ ಅದು ಅಗತ್ಯವಿತ್ತು ಎಂಬುದು ಬೇರೆ ಚರ್ಚೆ. ಆದರೆ ಸಂಡೂರು, ಹೊಸಪೇಟೆಯ ರಸ್ತೆಗಳಲ್ಲಿ ಹಗಲಿರುಳು ಓಡುತ್ತಿದ್ದ ಲಾರಿಗಳು ಏಕಾಏಕಿ ಸಾಲಾಗಿ ನಿಂತದ್ದನ್ನು ನೀವೆಲ್ಲ ನೋಡಿದ್ದೀರಿ. ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಎಲ್ಲರೂ ಒಟ್ಟಿಗೆ ಮಾರಲು ಹೊರಟಾಗ ಲಾರಿಯ ಬೆಲೆಯೂ ಕುಸಿಯಿತು. ದುಡಿಮೆ ಮತ್ತು ಆಸ್ತಿ ಎರಡೂ ಒಂದೇ ದಿನ ಹೋದವು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಗಂಗಾವತಿ, ಕಾರಟಗಿ, ಸಿಂಧನೂರಿನ ಗಿರಣಿಯವರು ನಿದ್ದೆಗೆಟ್ಟದ್ದು ಏಕೆಂದು ಹೇಳಬೇಕಿಲ್ಲ. ರೈತನಿಗೆ ನೀರಿಲ್ಲದ ವರ್ಷ ಗಿರಣಿಗೆ ಭತ್ತವಿಲ್ಲ, ದಲ್ಲಾಳಿಗೆ ಕಮಿಷನ್ನಿಲ್ಲ, ಸಾಗಣೆಯವರಿಗೆ ಬಾಡಿಗೆಯಿಲ್ಲ. ಒಂದೇ ಕಾಲುವೆಗೆ, ಒಂದೇ ಗಣಿಗೆ ಕಟ್ಟಿಕೊಂಡ ಆದಾಯವಿರುವವರು ನಿವೃತ್ತಿಯ ಹಣವನ್ನೂ ಅದೇ ಜಾಗದಲ್ಲಿ ಇಡುವುದು ಅಪಾಯಕರ.

ಜಮೀನಿಗೂ ಇದೇ ಮಾತು. ಹೊಲ ನಮ್ಮ ಜನರ ಪ್ರೀತಿಯ ಆಸ್ತಿ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಗ್ರಾಮೀಣ ಕೃಷಿ ಭೂಮಿ ಮಾರಿದಾಗ ಬಂಡವಾಳ ಲಾಭದ ತೆರಿಗೆ ಇಲ್ಲ ಎಂಬುದೂ ನಿಜ. ಆದರೆ ಗ್ರಾಮೀಣ ಎಂಬುದಕ್ಕೆ ಕಾನೂನಿನ ಅಳತೆಯಿದೆ. ಬಳ್ಳಾರಿ, ರಾಯಚೂರಿನಂತೆ ಒಂದು ಲಕ್ಷದಿಂದ ಹತ್ತು ಲಕ್ಷದೊಳಗಿನ ಜನಸಂಖ್ಯೆಯ ಊರಾದರೆ ನಗರದ ಗಡಿಯಿಂದ 6 ಕಿಲೋಮೀಟರ್, ಕೊಪ್ಪಳದಂಥ ಚಿಕ್ಕ ಊರಾದರೆ 2 ಕಿಲೋಮೀಟರ್ ಒಳಗಿನ ಹೊಲ ತೆರಿಗೆಗೆ ಒಳಪಡುತ್ತದೆ. ಅಳತೆ ರಸ್ತೆಯದ್ದಲ್ಲ, ನೇರ ಗೆರೆಯದು. ಬೈಪಾಸ್ ಪಕ್ಕದ ಜಮೀನು ಮಾರುವ ಮುನ್ನ ಇದನ್ನು ನೋಡಿಕೊಳ್ಳಿ. ಇನ್ನು ವ್ಯಾಪಾರದ ಲಾಭವನ್ನು ಕೃಷಿ ಆದಾಯವೆಂದು ತೋರಿಸುವ ಚಾಳಿ ಕೆಲವರಲ್ಲಿದೆ. ಪಹಣಿಯಲ್ಲಿರುವ ಬೆಳೆ, ನೀರಿನ ಮೂಲ, ಎಪಿಎಂಸಿಯ ಪಟ್ಟಿ, ಎಲ್ಲವನ್ನೂ ಹೋಲಿಸಿ ನೋಡಿದರೆ ಸುಳ್ಳು ನಿಲ್ಲುವುದಿಲ್ಲ. ಅದು ತೆರಿಗೆ ಉಳಿತಾಯವಲ್ಲ, ವಂಚನೆ. ಆ ಬಗ್ಗೆ ನನ್ನಲ್ಲಿ ಸಲಹೆ ಕೇಳಬೇಡಿ.

ಹಾಗಾದರೆ ಎಲ್ಲಿಡಬೇಕು? ಮೊದಲ ಹೆಸರು ಪಿಪಿಎಫ್. 80ಸಿ ಕಡಿತ ಹೊಸ ಪದ್ಧತಿಯಲ್ಲಿ ಇಲ್ಲವೆಂದು ಅನೇಕರು ಈ ಖಾತೆಯನ್ನು ಮರೆತಿದ್ದಾರೆ, ಇದು ದೊಡ್ಡ ತಪ್ಪು. ಕಡಿತ ಹೋಗಿದೆ, ಬಡ್ಡಿಗೆ ಇರುವ ವಿನಾಯಿತಿ ಹಾಗೆಯೇ ಇದೆ. ಈಗಿನ ದರ ಶೇ 7.1. ಶೇ 30ರ ಹಂತದಲ್ಲಿರುವವರಿಗೆ ಬ್ಯಾಂಕಿನ ಶೇ 7ರ ಠೇವಣಿ ತೆರಿಗೆ ಕಳೆದು ಶೇ 4.8 ಮಾತ್ರ ಕೊಡುತ್ತದೆ. ಪಿಪಿಎಫ್‌ಗೆ ಸಮನಾಗಬೇಕಾದರೆ ಬ್ಯಾಂಕು ಶೇ 10ಕ್ಕಿಂತ ಹೆಚ್ಚು ಕೊಡಬೇಕು. ಪ್ರತಿ ಏಪ್ರಿಲ್ 5ರೊಳಗೆ ಒಂದೂವರೆ ಲಕ್ಷ ಕಟ್ಟುತ್ತಾ ಹೋದರೆ, ಈ ದರವೇ ಉಳಿದಲ್ಲಿ, 15 ವರ್ಷಕ್ಕೆ 40 ಲಕ್ಷದ 68 ಸಾವಿರ ಆಗುತ್ತದೆ. ಪತ್ನಿಯ ಹೆಸರಿನಲ್ಲಿ ಇನ್ನೊಂದು ಖಾತೆ ತೆರೆಯಬಹುದು. ನೀವು ಕೊಟ್ಟ ಹಣದ ಬಡ್ಡಿ ನಿಮ್ಮ ಆದಾಯಕ್ಕೆ ಸೇರಿದರೂ ಆ ಬಡ್ಡಿಗೆ ತೆರಿಗೆಯೇ ಇಲ್ಲದಿರುವುದರಿಂದ ತೊಂದರೆಯಿಲ್ಲ.

ಬಡ್ಡಿಗಿಂತ ಮುಖ್ಯವಾದ ಗುಣವೊಂದು ಪಿಪಿಎಫ್‌ಗೆ ಇದೆ, ವ್ಯಾಪಾರಿಗಳಾದ ನೀವು ಅದನ್ನು ತಿಳಿದಿರಬೇಕು. ಸಾಲ ಕೊಟ್ಟವರು ನ್ಯಾಯಾಲಯದಿಂದ ಡಿಕ್ರಿ ತಂದರೂ ಪಿಪಿಎಫ್ ಖಾತೆಯ ಹಣವನ್ನು ಜಪ್ತಿ ಮಾಡುವಂತಿಲ್ಲ. ಇದೇ ಬಗೆಯ ರಕ್ಷಣೆ 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆಯಲ್ಲಿಯೂ ಇದೆ. ಪತಿ ತನ್ನ ಜೀವದ ಮೇಲೆ ಪತ್ನಿ ಮಕ್ಕಳ ಹಿತಕ್ಕಾಗಿ ಈ ಕಾಯ್ದೆಯಡಿ ಮಾಡಿಸಿದ ವಿಮೆಯ ಹಣ ಅವನ ಆಸ್ತಿಯಲ್ಲಿ ಸೇರುವುದಿಲ್ಲ. ಸಾಲ ಕೊಟ್ಟವರಿಗೆ ಮೋಸ ಮಾಡುವ ಉದ್ದೇಶದಿಂದ ಕಂತು ಕಟ್ಟಿದ್ದೆಂದು ಸಾಬೀತಾದ ಹೊರತು ಅವರು ಅದನ್ನು ಮುಟ್ಟುವಂತಿಲ್ಲ. ಪಾಲಿಸಿಯ ಅರ್ಜಿ ತುಂಬುವಾಗಲೇ ಇದನ್ನು ನಮೂದಿಸಬೇಕು. ವ್ಯಾಪಾರಕ್ಕೆ ವೈಯಕ್ತಿಕ ಜಾಮೀನು ಹಾಕಿರುವ ಪ್ರತಿಯೊಬ್ಬರೂ ಟರ್ಮ್ ಪಾಲಿಸಿಯನ್ನು ಹೀಗೆಯೇ ಮಾಡಿಸಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ಹಣ ಮರಳಿ ಬರುವ ದೊಡ್ಡ ಕಂತಿನ ಪಾಲಿಸಿಗಳ ಬಗ್ಗೆ ಮಾತ್ರ ಎಚ್ಚರ: 2023ರ ಏಪ್ರಿಲ್ 1ರಿಂದ ಕೊಂಡವುಗಳಲ್ಲಿ ವರ್ಷದ ಕಂತು 5 ಲಕ್ಷ ಮೀರಿದರೆ ಮುಕ್ತಾಯದ ಲಾಭಕ್ಕೆ ತೆರಿಗೆಯಿದೆ.

ಎನ್‌ಪಿಎಸ್ ವಿಷಯದಲ್ಲಿ ಸ್ವಂತ ದುಡಿಮೆಯವರಿಗೆ ಒಂದು ಅನ್ಯಾಯವಾಗಿದೆ ಎಂದೇ ನಾನು ಹೇಳುತ್ತೇನೆ. ಹೊಸ ಪದ್ಧತಿಯಲ್ಲಿ ಉದ್ಯೋಗದಾತರು ನೌಕರನ ಖಾತೆಗೆ ಹಾಕುವ ಹಣಕ್ಕೆ, ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 14ರವರೆಗೆ, ವಿನಾಯಿತಿ ಇದೆ. ತಾನೇ ದುಡಿದು ತಾನೇ ಹಾಕಿಕೊಳ್ಳುವವನಿಗೆ ಏನೂ ಇಲ್ಲ. ಪಾಲುದಾರಿಕೆ ಸಂಸ್ಥೆಯ ಪಾಲುದಾರರಿಗೂ ಇಲ್ಲ. ಅವರ ಸಂಬಳವನ್ನು ಕಾನೂನು ವ್ಯಾಪಾರದ ಆದಾಯವೆಂದೇ ಕಾಣುತ್ತದೆ. ವ್ಯವಹಾರ ಖಾಸಗಿ ಕಂಪನಿಯಾಗಿದ್ದು ನೀವು ಸಂಬಳ ಪಡೆಯುವ ನಿರ್ದೇಶಕರಾಗಿದ್ದರೆ ಚಿತ್ರ ಬದಲಾಗುತ್ತದೆ. ವರ್ಷಕ್ಕೆ 24 ಲಕ್ಷ ಮೂಲ ವೇತನವಿದ್ದರೆ ಕಂಪನಿ 3.36 ಲಕ್ಷವನ್ನು ನಿಮ್ಮ ಎನ್‌ಪಿಎಸ್‌ಗೆ ಹಾಕಬಹುದು. ಕಂಪನಿಗೆ ಅದು ಖರ್ಚು, ನಿಮಗೆ ತೆರಿಗೆಯಿಲ್ಲ. ಭವಿಷ್ಯ ನಿಧಿ, ಸೂಪರ್‌ಆನ್ಯುಯೇಷನ್ (ಕಂಪನಿ ಕಟ್ಟುವ ನಿವೃತ್ತಿ ನಿಧಿ) ಎಲ್ಲ ಸೇರಿ ವರ್ಷಕ್ಕೆ ಏಳೂವರೆ ಲಕ್ಷದ ಮಿತಿಯಿದೆ. ಇದೊಂದಕ್ಕಾಗಿ ಕಂಪನಿ ಮಾಡಿರೆಂದು ನಾನು ಹೇಳುವುದಿಲ್ಲ, ಅದರ ಆಡಿಟ್, ನೋಂದಣಿ, ಲಾಭಾಂಶದ ತೆರಿಗೆ ಎಲ್ಲವನ್ನೂ ತೂಗಬೇಕು. ಆದರೆ ಆಗಲೇ ಕಂಪನಿಯಾಗಿರುವ ಗಿರಣಿಗಳು ಈ ಅವಕಾಶವನ್ನು ಬಿಟ್ಟುಕೊಂಡಿರುವುದು ಬೇಸರದ ಸಂಗತಿ.

ಕಡಿತ ಸಿಗದವರಿಗೂ ಎನ್‌ಪಿಎಸ್ ವ್ಯರ್ಥವಲ್ಲ. ಒಳಗೆ ಬೆಳೆಯುವ ಹಣಕ್ಕೆ ವರ್ಷ ವರ್ಷ ತೆರಿಗೆಯಿಲ್ಲ. ವಯಸ್ಸು ಏರಿದಂತೆ ಷೇರಿನಿಂದ ಸಾಲಪತ್ರಕ್ಕೆ ಬದಲಿಸಿದಾಗಲೂ ತೆರಿಗೆ ಬೀಳುವುದಿಲ್ಲ. 2025ರ ಡಿಸೆಂಬರ್‌ನ ನಿಯಮದಂತೆ ಸರ್ಕಾರಿ ನೌಕರರಲ್ಲದವರು ನಿಧಿಯ ಕನಿಷ್ಠ ಶೇ 20ನ್ನು ಮಾತ್ರ ಆನ್ಯುಯಿಟಿಗೆ, ಅಂದರೆ ನಿಯಮಿತ ಪಿಂಚಣಿ ಕೊಡುವ ಯೋಜನೆಗೆ, ಕೊಟ್ಟರೆ ಸಾಕು. ತೆರಿಗೆ ಕಾನೂನಿನ ವಿನಾಯಿತಿ ಇರುವುದು ನಿಧಿಯ ಶೇ 60ಕ್ಕೆ, ಆ ಮಿತಿಯನ್ನು ಇಟ್ಟುಕೊಂಡೇ ಯೋಜಿಸಿ. ಮಿಕ್ಕ ಉಳಿತಾಯಕ್ಕೆ ಷೇರು ಆಧಾರಿತ ಮ್ಯೂಚುವಲ್ ಫಂಡ್‌ಗಳಿವೆ. ವರ್ಷ ಮೀರಿ ಇಟ್ಟುಕೊಂಡದ್ದರ ಲಾಭದಲ್ಲಿ ಪ್ರತಿ ವರ್ಷ 1.25 ಲಕ್ಷದವರೆಗೆ ತೆರಿಗೆಯಿಲ್ಲ, ಮೇಲಿನದಕ್ಕೆ ಶೇ 12.5. ಇಂದು ತಿಂಗಳಿಗೆ 80 ಸಾವಿರದ ಮನೆಖರ್ಚು ಶೇ 6ರ ಬೆಲೆಯೇರಿಕೆಯಲ್ಲಿ 20 ವರ್ಷಕ್ಕೆ ಎರಡೂವರೆ ಲಕ್ಷ ದಾಟುತ್ತದೆ. ಬರೀ ಠೇವಣಿಯಿಂದ ಅದನ್ನು ಎದುರಿಸಲಾಗದು. ಬಿತ್ತನೆಯ ಜೋಳವನ್ನು ಮೊದಲೇ ಬೇರೆ ಚೀಲದಲ್ಲಿ ಕಟ್ಟಿಡುವಂತೆ, ವ್ಯಾಪಾರದ ಖಾತೆಯಿಂದ ತಿಂಗಳ ಒಂದು ನಿಗದಿತ ದಿನ ಈ ಹಣ ತಾನಾಗಿ ಹೊರಹೋಗುವ ವ್ಯವಸ್ಥೆ ಮಾಡಿ. ವ್ಯಾಪಾರಕ್ಕೆ ಹಣದ ಅಡಚಣೆ ಬಂದಾಗ ಇದಕ್ಕೆ ಕೈಹಾಕಬೇಡಿ.

ಅವಿಭಕ್ತ ಕುಟುಂಬದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಹಿರಿಯರಿಂದ ಬಂದ ಗೋದಾಮಿನ ಬಾಡಿಗೆಯಂಥ ಆದಾಯವಿದ್ದರೆ ಹಿಂದೂ ಅವಿಭಕ್ತ ಕುಟುಂಬಕ್ಕೆ ಬೇರೆ ಪ್ಯಾನ್, ಬೇರೆ 4 ಲಕ್ಷದ ಮಿತಿ ಸಿಗುತ್ತದೆ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯದ ತೆರಿಗೆಯನ್ನು ಸೊನ್ನೆ ಮಾಡುವ ರಿಯಾಯಿತಿ ಅದಕ್ಕಿಲ್ಲ, ಅದು ವ್ಯಕ್ತಿಗಳಿಗೆ ಮಾತ್ರ. ನಿಮ್ಮ ಸ್ವಂತ ಹಣವನ್ನು ಅದರಲ್ಲಿ ಹಾಕಿದರೆ ಅದರ ಆದಾಯ ನಿಮಗೇ ಸೇರುತ್ತದೆ.

ಕೊನೆಯಲ್ಲಿ ವೈದ್ಯರೊಬ್ಬರು ಕೇಳಿದರು: “ನನಗೆ 52. ಮಕ್ಕಳ ಓದು ಈಗಷ್ಟೇ ಮುಗಿಯಿತು. ಇದುವರೆಗೆ ಏನೂ ಕೂಡಿಟ್ಟಿಲ್ಲ. ಈಗ ಶುರು ಮಾಡಿದರೆ ಪ್ರಯೋಜನವುಂಟೇ?” ಖಂಡಿತ ಉಂಟು. ಪತಿ ಪತ್ನಿ ಇಬ್ಬರ ಪಿಪಿಎಫ್ ಖಾತೆಗಳನ್ನು ಈ ತಿಂಗಳೇ ತೆರೆಯಿರಿ. 67ಕ್ಕೆ ಅವು ಪಕ್ವವಾಗುತ್ತವೆ. ಎಂಟು ವರ್ಷದ ಗುರಿಯನ್ನು 60ರ ಹೊತ್ತಿಗೆ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಬೇಕಾದ ಮೊತ್ತಕ್ಕೆ ಇಟ್ಟುಕೊಳ್ಳಿ. ಒಬ್ಬರಿಗೆ 30 ಲಕ್ಷದ ಮಿತಿ, ಈಗಿನ ಬಡ್ಡಿ ಶೇ 8.2. ಪತ್ನಿಗೂ 60 ತುಂಬಿದ ಮೇಲೆ ಇಬ್ಬರದೂ ಸೇರಿ ವರ್ಷಕ್ಕೆ 4.92 ಲಕ್ಷ, ಅಂದರೆ ತಿಂಗಳಿಗೆ 41 ಸಾವಿರ ರೂಪಾಯಿ, ಮೂರು ತಿಂಗಳಿಗೊಮ್ಮೆ ಕೈಸೇರುತ್ತದೆ. ಈ ಬಡ್ಡಿಗೆ ತೆರಿಗೆಯುಂಟು. ಪತ್ನಿಯ ಠೇವಣಿ ನೀವು ಕೊಟ್ಟ ಹಣದ್ದಾದರೆ ಅದರ ಬಡ್ಡಿಯೂ ನಿಮ್ಮ ಲೆಕ್ಕಕ್ಕೇ ಬರುತ್ತದೆ. ಆದರೂ ವೃತ್ತಿ ನಿಲ್ಲಿಸಿದ ಮೇಲೆ ನಿಮ್ಮ ಒಟ್ಟು ಆದಾಯ 12 ಲಕ್ಷದೊಳಗಿದ್ದರೆ ಇಂದಿನ ಹೊಸ ಪದ್ಧತಿಯಲ್ಲಿ ಕಟ್ಟಬೇಕಾದ ತೆರಿಗೆ ಸೊನ್ನೆ.